ಭೂ ಅಭಿವೃದ್ಧಿ ಅನುಮತಿ (ಕರ್ನಾಟಕ)

ಜಮೀನಿನಲ್ಲಿ ಕಟ್ಟಡ ಕಟ್ಟುವ, ಬಡಾವಣೆ ಮಾಡುವ ಅಥವಾ ನೆಲದ ಸ್ವರೂಪ ಬದಲಿಸುವ ಮುನ್ನ ಪಡೆಯಬೇಕಾದ ಒಪ್ಪಿಗೆ. ಕೃಷಿ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು ಸಾಮಾನ್ಯವಾಗಿ ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 95ನೇ ಪ್ರಕರಣದಡಿ ಭೂಪರಿವರ್ತನೆ ಆಗಬೇಕು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961 ಕಟ್ಟಡವನ್ನಷ್ಟೇ ಅಲ್ಲ, ನೆಲದ ಮೇಲೂ ಒಳಗೂ ನಡೆಯುವ ಎಂಜಿನಿಯರಿಂಗ್ ಮತ್ತು ಗಣಿ ಕೆಲಸಗಳನ್ನೂ ಅಭಿವೃದ್ಧಿ ಎಂದೇ ಪರಿಗಣಿಸುತ್ತದೆ. ಯೋಜನಾ ಪ್ರದೇಶದಲ್ಲಿ ಇದಕ್ಕೆ ಯೋಜನಾ ಪ್ರಾಧಿಕಾರದ ಅನುಮತಿ ಬೇಕು. ಕಟ್ಟಡ ಪರವಾನಗಿ ಗ್ರಾಮ ಪಂಚಾಯಿತಿ ಅಥವಾ ನಗರ ಸ್ಥಳೀಯ ಸಂಸ್ಥೆಯದು. ಒಂದು ಸಿಕ್ಕಿತೆಂದರೆ ಇನ್ನೊಂದೂ ಸಿಕ್ಕಂತಲ್ಲ. ಪರಿವರ್ತನೆ ಆದೇಶ ಕೈಗೆ ಬಂದ ಕೂಡಲೇ ಜೆಸಿಬಿ ಇಳಿಸುವವರು ಎಡವುವುದು ಇಲ್ಲಿಯೇ.

ಮಲೆನಾಡಿನಲ್ಲಿ ಮಣ್ಣುಕೆಲಸ ಜೀವದ ಪ್ರಶ್ನೆ. ನಿವೇಶನ ಸಮತಟ್ಟು ಮಾಡಲೆಂದು ಇಳಿಜಾರಿನ ಬುಡವನ್ನು ನೆಟ್ಟಗೆ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ತೆಗೆದ ಮಣ್ಣನ್ನು ಕೆಳಗಿನ ತೋಡಿಗೆ ಸುರಿದರೆ ಮಳೆನೀರಿನ ದಾರಿ ಕಟ್ಟಿಕೊಳ್ಳುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅತಿವೃಷ್ಟಿಯ ಜೊತೆಗೆ ಇಳಿಜಾರು ಕಡಿದದ್ದನ್ನೂ ಕಾರಣವಾಗಿ ಗುರುತಿಸಿತು. ಇಂಥ ಕಡೆ ನಕ್ಷೆಯಲ್ಲಿ ನಿವೇಶನದ ಉದ್ದ-ಅಗಲವನ್ನಷ್ಟೇ ನೋಡಿ ಸಹಿ ಹಾಕುವುದು ಸಾಲದು. ಕಡಿತದ ಎತ್ತರ, ತಡೆಗೋಡೆ, ನೀರು ಹೊರಹೋಗುವ ಚರಂಡಿ ಇವನ್ನೂ ಸ್ಥಳಕ್ಕೆ ಹೋಗಿ ನೋಡಲೇಬೇಕು.