ಬೂಕರ್ ಪ್ರಶಸ್ತಿ ಪ್ರತಿಷ್ಠಾನ

ಬೂಕರ್ ಪ್ರಶಸ್ತಿ ಪ್ರತಿಷ್ಠಾನವು ಲಂಡನ್ನಿನಲ್ಲಿರುವ ಒಂದು ದತ್ತಿ ಸಂಸ್ಥೆ. ಸ್ಥಾಪನೆ 2002. ಇಂಗ್ಲಿಷಿನಲ್ಲೇ ಬರೆದ ಕಾದಂಬರಿಗೆ ಸಲ್ಲುವ ಬೂಕರ್ ಪ್ರಶಸ್ತಿ, ಬೇರೆ ಭಾಷೆಯಿಂದ ಇಂಗ್ಲಿಷಿಗೆ ಬಂದ ಕಥನ ಕೃತಿಗೆ ಸಲ್ಲುವ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಎರಡನ್ನೂ ನಡೆಸುವುದು, ಅವುಗಳ ಹೆಸರನ್ನು ಕಾಯುವುದು ಇದರ ಮುಖ್ಯ ಕೆಲಸ. ಎರಡರ ಮೊತ್ತವೂ ತಲಾ 50,000 ಪೌಂಡ್. ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳ ಅನುವಾದ ‘ಹಾರ್ಟ್ ಲ್ಯಾಂಪ್’ 2025ರ ಮೇ 20ರಂದು ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆಯಿತು. ಕನ್ನಡದ ಕೃತಿಯೊಂದಕ್ಕೆ ಈ ಗೌರವ ಬಂದದ್ದು ಅದೇ ಮೊದಲು.

ಹೆಸರಿನ ಹಿನ್ನೆಲೆ

ಬೂಕರ್ ಎಂಬುದು ಯಾವ ಸಾಹಿತಿಯ ಹೆಸರೂ ಅಲ್ಲ, ಅದು ಸಕ್ಕರೆ ವ್ಯಾಪಾರಿಗಳ ಮನೆತನದ ಹೆಸರು. 19ನೇ ಶತಮಾನದ ಮೊದಲ ಭಾಗದಲ್ಲಿ ಜೋಸಿಯಸ್ ಬೂಕರ್ ಮತ್ತು ಅವರ ಸೋದರರು ದಕ್ಷಿಣ ಅಮೆರಿಕದ ಡೆಮೆರಾರಾ ಸೀಮೆಯಲ್ಲಿ, ಅಂದರೆ ಈಗಿನ ಗಯಾನಾ ದೇಶದಲ್ಲಿ, ತೋಟ ಮತ್ತು ಹಡಗು ವ್ಯವಹಾರ ಕಟ್ಟಿದರು. ಆರಂಭದಲ್ಲಿ ಆ ತೋಟಗಳಲ್ಲಿ ದುಡಿದವರು ಆಫ್ರಿಕಾ ಮೂಲದ ಗುಲಾಮರು. ಗುಲಾಮಗಿರಿ ಕಾನೂನುಬಾಹಿರವಾದ ಮೇಲೆ, 1838ರಿಂದ 1917ರವರೆಗೆ, ಭಾರತದಿಂದ ಕರಾರು ಕೂಲಿಗಳನ್ನು ಹಡಗುಗಳಲ್ಲಿ ಅಲ್ಲಿಗೆ ಸಾಗಿಸಲಾಯಿತು. ಮುಂದೆ ಆ ವಸಾಹತಿನ ಸಕ್ಕರೆ ಉದ್ಯಮದ ಬಹುಪಾಲು ಈ ಒಂದೇ ಕಂಪನಿಯ ಕೈಸೇರಿತು. ಬ್ರಿಟಿಷ್ ಗಯಾನಾವನ್ನು ಜನ ‘ಬೂಕರ್ಸ್ ಗಯಾನಾ’ ಎಂದು ಕುಹಕವಾಡುವಷ್ಟು ಅದರ ಹಿಡಿತವಿತ್ತು. 1966ರಲ್ಲಿ ಸ್ವತಂತ್ರವಾದ ಗಯಾನಾ, 1976ರಲ್ಲಿ ಕಂಪನಿಯ ಸಕ್ಕರೆ ಉದ್ಯಮವನ್ನು ರಾಷ್ಟ್ರೀಕರಿಸಿತು.

ಸಕ್ಕರೆ ಕಂಪನಿ ಪುಸ್ತಕದ ಕಡೆ ಹೊರಳಿದ್ದು ಹಕ್ಕುಸ್ವಾಮ್ಯದ ದಾರಿಯಿಂದ. ಅಧ್ಯಕ್ಷರಾಗಿದ್ದ ಜಾಕ್ ಕ್ಯಾಂಪ್ಬೆಲ್‌ಗೆ ಜೇಮ್ಸ್ ಬಾಂಡ್ ಕಥೆಗಳ ಲೇಖಕ ಇಯಾನ್ ಫ್ಲೆಮಿಂಗ್ ಸ್ನೇಹಿತರು. ಫ್ಲೆಮಿಂಗ್ ಕೃತಿಗಳ ಹಕ್ಕು ಹೊಂದಿದ್ದ ಸಂಸ್ಥೆಯ ಬಹುಪಾಲು ಷೇರನ್ನು ಬೂಕರ್ 1964ರಲ್ಲಿ ಕೊಂಡಿತು. ಅಗಾಥಾ ಕ್ರಿಸ್ಟಿ ಕೃತಿಗಳ ಹಕ್ಕಿನಲ್ಲೂ ಪಾಲು ಪಡೆಯಿತು. ಈ ‘ಲೇಖಕರ ವಿಭಾಗ’ ಲಾಭ ತರುತ್ತಿದ್ದಾಗಲೇ ಪ್ರಕಾಶಕ ಟಾಮ್ ಮ್ಯಾಶ್ಲರ್, ಫ್ರಾನ್ಸಿನ ಗೊಂಕೂರ್ ಪ್ರಶಸ್ತಿಯಂಥದ್ದು ಬ್ರಿಟನ್ನಿನಲ್ಲೂ ಇರಬೇಕೆಂದು ಕಂಪನಿಯನ್ನು ಒಪ್ಪಿಸಿದರು. 1969ರಲ್ಲಿ 5,000 ಪೌಂಡಿನ ಮೊದಲ ಬಹುಮಾನ ಪಿ.ಎಚ್. ನ್ಯೂಬಿ ಅವರ ಕಾದಂಬರಿಗೆ ಸಂದಿತು.

ಹೆಸರಿಗಂಟಿದ ಹಳೆಯ ಲೆಕ್ಕ ಬೇಗನೆ ಮೇಲೆ ಬಂತು. 1972ರಲ್ಲಿ ‘ಜಿ’ ಕಾದಂಬರಿಗೆ ಬಹುಮಾನ ಪಡೆದ ಜಾನ್ ಬರ್ಜರ್, ಕೆರಿಬಿಯನ್ ಸೀಮೆಯ ಬಡತನಕ್ಕೆ ಬೂಕರ್ ಕಂಪನಿಯ ವ್ಯವಹಾರವೂ ಕಾರಣವೆಂದು ಸಮಾರಂಭದಲ್ಲೇ ಹೇಳಿ, ಅರ್ಧ ಹಣವನ್ನು ಬ್ರಿಟನ್ನಿನ ಬ್ಲ್ಯಾಕ್ ಪ್ಯಾಂಥರ್ ಸಂಘಟನೆಗೆ ಕೊಡುವುದಾಗಿ ಘೋಷಿಸಿದರು.

ಪ್ರಾಯೋಜಕರು

ಮೊದಲ ಮೂರು ದಶಕ ಪ್ರಶಸ್ತಿಯ ಖರ್ಚು ಹೊತ್ತದ್ದು ಬೂಕರ್ ಕಂಪನಿಯೇ. 2002ರಲ್ಲಿ ಹಣಕಾಸು ಸಂಸ್ಥೆಯಾದ ಮ್ಯಾನ್ ಗ್ರೂಪ್ ಪ್ರಾಯೋಜಕತ್ವ ವಹಿಸಿಕೊಂಡಾಗ ಆಡಳಿತವು ಹೊಸದಾಗಿ ರಚನೆಯಾದ ಪ್ರತಿಷ್ಠಾನಕ್ಕೆ ಬಂತು. ಮೊತ್ತ 50,000 ಪೌಂಡಿಗೆ ಏರಿತು, ಹೆಸರು ‘ಮ್ಯಾನ್ ಬೂಕರ್’ ಆಯಿತು. ಇಲ್ಲಿನ ‘ಮ್ಯಾನ್’ ಮನುಷ್ಯನನ್ನು ಸೂಚಿಸುವ ಇಂಗ್ಲಿಷ್ ಪದವಲ್ಲ. 1783ರಲ್ಲಿ ಲಂಡನ್ನಿನಲ್ಲಿ ಪೀಪಾಯಿ ತಯಾರಿಕೆ ಮತ್ತು ಸಕ್ಕರೆ ದಲಾಲಿ ಆರಂಭಿಸಿದ ಜೇಮ್ಸ್ ಮ್ಯಾನ್ ಎಂಬಾತನ ಅಡ್ಡಹೆಸರು. ಹೀಗೆ 17 ವರ್ಷ ಪ್ರಶಸ್ತಿ ಹೊತ್ತಿದ್ದ ಎರಡೂ ಹೆಸರುಗಳ ಬೇರು ಸಕ್ಕರೆಯಲ್ಲೇ ಇತ್ತು.

2019ರ ಜೂನ್‌ನಿಂದ ಮೈಕಲ್ ಮಾರಿಟ್ಜ್ ಮತ್ತು ಹ್ಯಾರಿಯೆಟ್ ಹೇಮನ್ ದಂಪತಿಯ ಕ್ರ್ಯಾಂಕ್‌ಸ್ಟಾರ್ಟ್ ಎಂಬ ದತ್ತಿ ಸಂಸ್ಥೆ ಹಣ ಒದಗಿಸುತ್ತಿದೆ. ತನ್ನ ಹೆಸರನ್ನು ಪ್ರಶಸ್ತಿಗೆ ಸೇರಿಸುವ ಷರತ್ತನ್ನು ಅದು ಹಾಕಲಿಲ್ಲ. ಹಾಗಾಗಿ ಪ್ರಶಸ್ತಿ ಮತ್ತೆ ಬರೀ ‘ಬೂಕರ್’ ಆಗಿದೆ.

ಎರಡು ಪ್ರಶಸ್ತಿ, ಒಂದು ಹೆಸರು

ಕನ್ನಡ ಪತ್ರಿಕೆಗಳಲ್ಲಿ ಎರಡನ್ನೂ ‘ಬೂಕರ್’ ಎಂದೇ ಬರೆಯುವ ರೂಢಿಯಿರುವುದರಿಂದ ಗೊಂದಲವಾಗುವುದುಂಟು. ಮಂಗಳೂರಿನಲ್ಲಿ ಬೆಳೆದ ಅರವಿಂದ ಅಡಿಗರಿಗೆ 2008ರಲ್ಲಿ ‘ದಿ ವೈಟ್ ಟೈಗರ್’ಗಾಗಿ ಬಂದದ್ದು ಮೂಲ ಬೂಕರ್. ಸಲ್ಮಾನ್ ರಶ್ದಿ (1981), ಅರುಂಧತಿ ರಾಯ್ (1997), ಕಿರಣ್ ದೇಸಾಯಿ (2006) ಅವರಿಗೆ ಸಂದದ್ದೂ ಅದೇ. ಮೊದಲು ಕಾಮನ್‌ವೆಲ್ತ್ ದೇಶಗಳು, ಐರ್ಲೆಂಡ್ ಮುಂತಾದ ಕೆಲವು ದೇಶಗಳ ಲೇಖಕರಿಗಷ್ಟೇ ಮೀಸಲಾಗಿದ್ದ ಈ ಪ್ರಶಸ್ತಿಯನ್ನು 2014ರಿಂದ ಎಲ್ಲ ದೇಶಗಳ ಇಂಗ್ಲಿಷ್ ಕಾದಂಬರಿಕಾರರಿಗೆ ತೆರೆಯಲಾಯಿತು.

ಅಂತರರಾಷ್ಟ್ರೀಯ ಪ್ರಶಸ್ತಿ ಶುರುವಾದದ್ದು 2005ರಲ್ಲಿ. ಆಗ ಅದು ಎರಡು ವರ್ಷಕ್ಕೊಮ್ಮೆ, ಒಂದು ಪುಸ್ತಕಕ್ಕಲ್ಲದೆ ಲೇಖಕರ ಒಟ್ಟು ಸಾಧನೆಗೆ ಸಲ್ಲುತ್ತಿತ್ತು. ಇಸ್ಮಾಯಿಲ್ ಕದಾರೆ, ಚಿನುವಾ ಅಚಿಬೆ, ಆಲಿಸ್ ಮನ್ರೊ, ಫಿಲಿಪ್ ರಾತ್, ಲಿಡಿಯಾ ಡೇವಿಸ್, ಲಾಸ್ಲೊ ಕ್ರಾಸ್ನಹೊರ್ಕೈ ಹೀಗೆ ಪುರಸ್ಕೃತರಾದವರು. 2016ರಲ್ಲಿ ಬ್ರಿಟನ್ನಿನ ಇನ್ನೊಂದು ಅನುವಾದ ಪ್ರಶಸ್ತಿಯನ್ನು ಇದರಲ್ಲಿ ವಿಲೀನಗೊಳಿಸಿ ವಿಧಾನವನ್ನೇ ಬದಲಿಸಲಾಯಿತು. ಅಂದಿನಿಂದ ಪ್ರತಿ ವರ್ಷ ಒಂದೇ ಕೃತಿಗೆ ಪ್ರಶಸ್ತಿ, ಮೊತ್ತ ಲೇಖಕರಿಗೂ ಅನುವಾದಕರಿಗೂ ಸರಿಪಾಲು. ಹೊಸ ಕ್ರಮದ ಮೊದಲ ಪ್ರಶಸ್ತಿಯನ್ನು ಕೊರಿಯಾದ ಹಾನ್ ಕಾಂಗ್ ಮತ್ತು ಅನುವಾದಕಿ ಡೆಬೊರಾ ಸ್ಮಿತ್ ಹಂಚಿಕೊಂಡರು. 2024ರಲ್ಲಿ ಹಾನ್ ಕಾಂಗ್ ನೊಬೆಲ್ ಪ್ರಶಸ್ತಿಯನ್ನೂ ಪಡೆದರು.

ಆಯ್ಕೆಯ ಕ್ರಮ

ಪ್ರತಿಷ್ಠಾನದ ಟ್ರಸ್ಟಿಗಳು ಪ್ರಶಸ್ತಿಗೆ ಪುಸ್ತಕ ಆರಿಸುವುದಿಲ್ಲ. ಪ್ರತಿ ವರ್ಷ, ಪ್ರತಿ ಪ್ರಶಸ್ತಿಗೆ ಐವರು ತೀರ್ಪುಗಾರರನ್ನು ಹೊಸದಾಗಿ ನೇಮಿಸಲಾಗುತ್ತದೆ. ಅವರು ಬಂದ ಪುಸ್ತಕಗಳನ್ನು ಓದಿ ಮೊದಲು 12 ಅಥವಾ 13 ಕೃತಿಗಳ ಪಟ್ಟಿ, ಬಳಿಕ ಆರು ಕೃತಿಗಳ ಕಿರುಪಟ್ಟಿ, ಕೊನೆಗೆ ಒಂದು ಕೃತಿಯನ್ನು ಪ್ರಕಟಿಸುತ್ತಾರೆ. ಅರ್ಜಿ ಹಾಕುವವರು ಲೇಖಕರಲ್ಲ, ಪ್ರಕಾಶಕರು. ಅಂತರರಾಷ್ಟ್ರೀಯ ಪ್ರಶಸ್ತಿಗೆ ಕಾದಂಬರಿಯ ಜೊತೆ ಕಥಾಸಂಕಲನವೂ ಅರ್ಹ. ಆದರೆ ಅದರ ಇಂಗ್ಲಿಷ್ ಅನುವಾದ ಬ್ರಿಟನ್ ಅಥವಾ ಐರ್ಲೆಂಡಿನಲ್ಲಿ ನಿಗದಿತ ಅವಧಿಯೊಳಗೆ ಅಚ್ಚಾಗಿರಬೇಕು. ಈ ಪ್ರಶಸ್ತಿಯ ಕಿರುಪಟ್ಟಿಯಲ್ಲಿರುವ ಪ್ರತಿ ಕೃತಿಗೆ 5,000 ಪೌಂಡ್, ಅದೂ ಲೇಖಕರಿಗೂ ಅನುವಾದಕರಿಗೂ ಸಮನಾಗಿ.

1992ರಲ್ಲಿ ಇಬ್ಬರಿಗೆ ಪ್ರಶಸ್ತಿ ಹಂಚಿದ ಬಳಿಕ ಇನ್ನು ಮುಂದೆ ಹಂಚಕೂಡದೆಂದು ನಿಯಮವಾಯಿತು. ಆದರೆ 2019ರಲ್ಲಿ ತೀರ್ಪುಗಾರರು ಅದನ್ನು ಬದಿಗಿಟ್ಟು ಮಾರ್ಗರೆಟ್ ಅಟ್‌ವುಡ್ ಮತ್ತು ಬರ್ನರ್ಡಿನ್ ಎವರಿಸ್ಟೊ ಇಬ್ಬರನ್ನೂ ಆರಿಸಿದರು. ಪ್ರತಿಷ್ಠಾನ ಅವರ ತೀರ್ಮಾನವನ್ನು ರದ್ದು ಮಾಡಲಿಲ್ಲ.

ಹೆಸರಿನ ಕಾವಲು

ಬೂಕರ್‌ಗಿಂತ ದೊಡ್ಡ ಮೊತ್ತದ ಸಾಹಿತ್ಯ ಬಹುಮಾನಗಳು ಜಗತ್ತಿನಲ್ಲಿವೆ. ಪಟ್ಟಿಗೆ ಸೇರಿದ ಪುಸ್ತಕದ ಮುಖಪುಟದ ಮೇಲೆ ಅಂಟುವ ಬೂಕರ್ ಮುದ್ರೆಗೆ ಇರುವ ಬೆಲೆ ಹಣದಿಂದ ಬಂದದ್ದಲ್ಲ. ಆದ್ದರಿಂದ ಯಾವುದಕ್ಕೆ ಆ ಹೆಸರು ಸಲ್ಲಬೇಕು ಎಂಬುದು ಮೊದಲಿನಿಂದಲೂ ಎಚ್ಚರದ ವಿಷಯ. 1992ರಲ್ಲಿ ಬೂಕರ್ ಕಂಪನಿಯ ನೆರವಿನಿಂದ ಆರಂಭವಾದ ‘ರಷ್ಯನ್ ಬೂಕರ್’, ಪ್ರಾಯೋಜಕರು ಬದಲಾದಂತೆ ತನ್ನ ಹೆಸರನ್ನೂ ಹಲವು ಬಾರಿ ಮಾರ್ಪಡಿಸಿಕೊಂಡು, 2017ರ ಪ್ರಶಸ್ತಿಯ ನಂತರ ನಿಂತುಹೋಯಿತು. ಪ್ರತಿಷ್ಠಾನವೇ ಹೆಸರನ್ನು ವಿಸ್ತರಿಸಿದ್ದೂ ಇದೆ. 2010ರ ‘ಲಾಸ್ಟ್ ಮ್ಯಾನ್ ಬೂಕರ್’, 2018ರ ‘ಗೋಲ್ಡನ್ ಮ್ಯಾನ್ ಬೂಕರ್’ ಒಂದೊಂದೇ ಬಾರಿಯವು. 2025ರಲ್ಲಿ ಘೋಷಿಸಿದ ‘ಚಿಲ್ಡ್ರನ್ಸ್ ಬೂಕರ್’ ಶಾಶ್ವತ ಪ್ರಶಸ್ತಿ, ಅದನ್ನು ಮೊದಲ ಬಾರಿ ಕೊಡುವುದು 2027ರಲ್ಲಿ.

ಹೆಸರು ಕಾಯುವುದೆಂದರೆ ಅದರ ಚರಿತ್ರೆಯನ್ನು ಮುಚ್ಚಿಡುವುದು ಎಂದು ಪ್ರತಿಷ್ಠಾನ ಭಾವಿಸಿಲ್ಲ. ಬೂಕರ್ ಸೋದರರ ಗುಲಾಮಗಿರಿಯ ನಂಟನ್ನು ಅದು ಬಹಿರಂಗವಾಗಿ ಒಪ್ಪಿಕೊಂಡಿದೆ. ಪ್ರಶಸ್ತಿಯ ದಾಖಲೆಗಳು ಆಕ್ಸ್‌ಫರ್ಡ್ ಬ್ರೂಕ್ಸ್ ವಿಶ್ವವಿದ್ಯಾಲಯದಲ್ಲಿವೆ.

ಕನ್ನಡ ಮತ್ತು ಬೂಕರ್

ಬೂಕರ್ ಅಂಗಳಕ್ಕೆ ಕನ್ನಡ ಮೊದಲು ಬಂದದ್ದು 2013ರಲ್ಲಿ. ಆ ವರ್ಷದ ಅಂತರರಾಷ್ಟ್ರೀಯ ಪ್ರಶಸ್ತಿಯ ಅಂತಿಮ ಹತ್ತು ಲೇಖಕರಲ್ಲಿ ಯು.ಆರ್. ಅನಂತಮೂರ್ತಿ ಒಬ್ಬರು. ಪ್ರಶಸ್ತಿ ಲಿಡಿಯಾ ಡೇವಿಸ್ ಪಾಲಾಯಿತು. ಭಾರತೀಯ ಭಾಷೆಗೆ ಮೊದಲ ಗೆಲುವು ಬಂದದ್ದು 2022ರಲ್ಲಿ, ಗೀತಾಂಜಲಿ ಶ್ರೀ ಅವರ ಹಿಂದಿ ಕಾದಂಬರಿಯನ್ನು ಡೈಸಿ ರಾಕ್‌ವೆಲ್ ಇಂಗ್ಲಿಷಿಗೆ ತಂದಾಗ.

‘ಹಾರ್ಟ್ ಲ್ಯಾಂಪ್’ ಪ್ರಶಸ್ತಿ ಗೆದ್ದ ಮೊದಲ ಕಥಾಸಂಕಲನ. ಹಾಸನದ ವಕೀಲೆ, ಬಂಡಾಯ ಚಳವಳಿಯ ಲೇಖಕಿ ಬಾನು ಮುಷ್ತಾಕ್ 1990ರಿಂದ 2023ರವರೆಗೆ ಬರೆದ ಕಥೆಗಳಲ್ಲಿ 12ನ್ನು ಆಯ್ದು ಅನುವಾದಿಸಿದವರು ಮಡಿಕೇರಿಯ ದೀಪಾ ಭಾಸ್ತಿ. ಕನ್ನಡ, ಉರ್ದು, ಅರೇಬಿಕ್ ಮಾತುಗಳನ್ನು ಅವರು ಓರೆ ಅಕ್ಷರವಾಗಲಿ ಅಡಿಟಿಪ್ಪಣಿಯಾಗಲಿ ಇಲ್ಲದೆ ಇಂಗ್ಲಿಷ್ ವಾಕ್ಯದಲ್ಲೇ ಉಳಿಸಿಕೊಂಡರು. ಈ ಪ್ರಶಸ್ತಿ ಪಡೆದ ಮೊದಲ ಭಾರತೀಯ ಅನುವಾದಕಿ ಅವರು. ಬ್ರಿಟನ್ನಿನಲ್ಲಿ ಪುಸ್ತಕ ತಂದದ್ದು ‘ಅಂಡ್ ಅದರ್ ಸ್ಟೋರೀಸ್’ ಎಂಬ ಸಣ್ಣ ಪ್ರಕಾಶನ. ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ನಡೆದ ಸಮಾರಂಭದಲ್ಲಿ ತೀರ್ಪುಗಾರರ ಅಧ್ಯಕ್ಷ ಮ್ಯಾಕ್ಸ್ ಪೋರ್ಟರ್ ಪ್ರಶಸ್ತಿ ಘೋಷಿಸಿದರು.

ಬೆಳಗಾವಿಯ ಗಡಿ ತಾಲ್ಲೂಕುಗಳು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಿಗೆ ಬೂಕರ್ ಚರಿತ್ರೆಯ ಎರಡು ಎಳೆಗಳು ಪರಿಚಿತ. ಒಂದು ಕಬ್ಬು. ಕೃಷ್ಣಾ, ದೂಧಗಂಗಾ ದಂಡೆಯ ಈ ಸೀಮೆಯಲ್ಲಿ ಕಬ್ಬು ನುರಿಸುವ ಹಂಗಾಮು ಊರಿನ ಪಂಚಾಂಗವನ್ನೇ ನಿರ್ಧರಿಸುತ್ತದೆ. ಉಗಾರ ಖುರ್ದದ ಸಕ್ಕರೆ ಕಂಪನಿ 1939ರಲ್ಲಿ ಹುಟ್ಟಿತು, ಚಿಕ್ಕೋಡಿ, ನಿಪ್ಪಾಣಿಗಳಲ್ಲಿ ರೈತರ ಸಹಕಾರಿ ಕಾರ್ಖಾನೆಗಳಿವೆ. ಗಯಾನಾದಲ್ಲಿ ಹೊಲವೂ ಗಾಣವೂ ಒಂದೇ ಕಂಪನಿಯವಾಗಿದ್ದವು. ಇಲ್ಲಿ ಹೊಲ ರೈತನದು, ಸಹಕಾರಿ ಕಾರ್ಖಾನೆಯಲ್ಲಿ ಅವನಿಗೆ ಷೇರೂ ಉಂಟು.

ಇನ್ನೊಂದು ಎಳೆ ಅನುವಾದ. ಕನ್ನಡ ಮತ್ತು ಮರಾಠಿ ಒಂದೇ ಓಣಿಯಲ್ಲಿ ಬದುಕುವ ಇಲ್ಲಿ ಒಂದು ಭಾಷೆಯ ಮಾತನ್ನು ಇನ್ನೊಂದಕ್ಕೆ ದಾಟಿಸುವುದು ಸಂತೆಯಲ್ಲೂ ಕಚೇರಿಯಲ್ಲೂ ದಿನದ ಕೆಲಸ. ಚಿಕ್ಕೋಡಿ ತಾಲ್ಲೂಕಿನ ಸದಲಗಾದಲ್ಲಿ ಹುಟ್ಟಿದ ಆ.ನೇ. ಉಪಾಧ್ಯೆ ಪ್ರಾಕೃತ ಕೃತಿಗಳನ್ನು ಇಂಗ್ಲಿಷ್ ಪೀಠಿಕೆಗಳೊಡನೆ ಸಂಪಾದಿಸಿ ಜಗತ್ತಿನ ವಿದ್ವಾಂಸರ ಮುಂದಿಟ್ಟರು. 1967ರ ಶ್ರವಣಬೆಳಗೊಳ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರೂ ಆದರು. ಕಾಗವಾಡ ಸೀಮೆಯ ಶೇಡಬಾಳದ ಮಿರ್ಜಿ ಅಣ್ಣಾರಾಯರು ‘ನಿಸರ್ಗ’ ಕಾದಂಬರಿಯಲ್ಲಿ ಈ ಭಾಗದ ಜೈನ ಒಕ್ಕಲು ಮನೆಗಳ ಬದುಕನ್ನು ಇಲ್ಲಿನ ಮಾತಿನಲ್ಲೇ ಬರೆದರು. ಇಂಥ ಗಡಿಮಾತಿನ ಹೊಸ ಕೃತಿಯೊಂದು ಅಂತರರಾಷ್ಟ್ರೀಯ ಬೂಕರ್ ಮೇಜಿಗೆ ಹೋಗಬೇಕಾದರೆ ಅದಕ್ಕೆ ಮೊದಲು ಇಂಗ್ಲಿಷ್ ಅನುವಾದಕರೊಬ್ಬರು, ಬಳಿಕ ಬ್ರಿಟನ್ ಅಥವಾ ಐರ್ಲೆಂಡಿನ ಪ್ರಕಾಶಕರೊಬ್ಬರು ದೊರೆಯಬೇಕು. 25,000 ಪೌಂಡಿನ ಒಂದು ಪಾಲನ್ನು ಅನುವಾದಕರಿಗೇ ಮೀಸಲಿಟ್ಟ ನಿಯಮದ ಹಿಂದಿರುವುದು ಆ ಮೊದಲ ಅಗತ್ಯ.