ಕೂಲಿಗೆ ಹೊಣೆ ಯಾರು? ಏಜೆನ್ಸಿ ದುಡಿಮೆಯ ಕಾನೂನು ನಡೆದುಬಂದ ದಾರಿ

ಪಾವಗಡದ ತಿರುಮಣಿ ಸುತ್ತಲಿನ ಐದು ಹಳ್ಳಿಗಳಲ್ಲಿ ಹರಡಿರುವ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿನಲ್ಲಿ ಕಾವಲು ಕಾಯುವವರು, ಹುಲ್ಲು ಕೀಳುವವರು, ಫಲಕ ತೊಳೆಯುವವರು ಬಹುಪಾಲು ಗುತ್ತಿಗೆಯವರು. ಮಧುಗಿರಿ, ಕೊರಟಗೆರೆ, ಶಿರಾ ತಾಲ್ಲೂಕಿನ ಮದಲೂರು ಕಡೆಯಿಂದ ವಸಂತನರಸಾಪುರದ ಕಾರ್ಖಾನೆಗೋ ಬೆಂಗಳೂರಿಗೋ ಹೋಗುವ ಅನೇಕರದ್ದೂ ಇದೇ ಪಾಡು: ದುಡಿಮೆ ಒಬ್ಬರ ಬಳಿ, ಸಂಬಳ ಇನ್ನೊಬ್ಬರ ಕೈಯಲ್ಲಿ. ಸಂಬಳ ನಿಂತಾಗ ಕೇಳುವುದು ಯಾರನ್ನು? ಕಾನೂನು ಈ ಪ್ರಶ್ನೆಗೆ ನೂರು ವರ್ಷಗಳಿಂದ ಉತ್ತರ ಹುಡುಕುತ್ತಿದೆ.

1923ರ ಕಾರ್ಮಿಕರ ಪರಿಹಾರ ಕಾಯ್ದೆಯಲ್ಲೇ ಉತ್ತರದ ಮೊಳಕೆ ಇತ್ತು. ಗುತ್ತಿಗೆಯಾಳಿಗೆ ಕೆಲಸದಲ್ಲಿ ಪೆಟ್ಟಾದರೆ ಕೆಲಸ ಮಾಡಿಸಿಕೊಂಡ ಮಾಲೀಕನಿಂದಲೇ ಪರಿಹಾರ ಕೇಳಬಹುದಿತ್ತು. ಮಾಲೀಕ ಅದನ್ನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದಿತ್ತು. 1948ರ ಇಎಸ್‌ಐ ಕಾಯ್ದೆಯೂ ವಂತಿಗೆಯ ವಿಷಯದಲ್ಲಿ ಇದೇ ಜಾಡು ಹಿಡಿಯಿತು.

20 ಅಥವಾ ಹೆಚ್ಚು ಗುತ್ತಿಗೆಯಾಳುಗಳಿರುವ ಕಡೆ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಬಿಗಿಯಾಗಿತ್ತು. ಗುತ್ತಿಗೆದಾರನಿಗೆ ಲೈಸೆನ್ಸ್ ಬೇಕಿತ್ತು. ಬಟವಾಡೆ ಮಾಲೀಕನ ಪ್ರತಿನಿಧಿಯ ಎದುರಿಗೇ ನಡೆಯಬೇಕಿತ್ತು, ಆತ ಅದನ್ನು ದೃಢೀಕರಿಸಬೇಕಿತ್ತು. ಗುತ್ತಿಗೆದಾರ ಕೈಕೊಟ್ಟರೆ ಮಾಲೀಕನೇ ಸಂಬಳ ಕೊಡಬೇಕಿತ್ತು, ಅದನ್ನು ಗುತ್ತಿಗೆದಾರನ ಬಿಲ್ಲಿನಲ್ಲಿ ಮುರಿದುಕೊಳ್ಳಬಹುದಿತ್ತು. ಮುಂಗಡ ಕೊಟ್ಟು ಆಳನ್ನು ಕಟ್ಟಿಹಾಕುವ ಮೇಸ್ತ್ರಿಗಳಿಗೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಕಡಿವಾಣ ಹಾಕಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು 1982ರಲ್ಲಿ, ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಹೇಳಿತು.

ಕೆಲಸ ಕಾಯಂ ಆಗುವ ವಿಷಯದಲ್ಲಿ ಮಾತ್ರ ನ್ಯಾಯಾಲಯ ಹಿಂದೆ ಸರಿಯಿತು. ಗುತ್ತಿಗೆ ನಿಷೇಧವಾದರೆ ಕಾರ್ಮಿಕರು ತಾವಾಗಿಯೇ ಮಾಲೀಕನ ನೌಕರರಾಗುತ್ತಾರೆ ಎಂಬ 1996ರ ಏರ್ ಇಂಡಿಯಾ ತೀರ್ಪನ್ನು 2001ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ತಳ್ಳಿಹಾಕಿತು. ಆದರೂ ಗುತ್ತಿಗೆ ಬರೀ ನೆಪವೆಂದು ಸಾಬೀತಾದರೆ ದಾರಿ ತೆರೆದೇ ಇದೆ. 2006ರಲ್ಲಿ ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ಪ್ರಕರಣದ ತೀರ್ಪು ಸರ್ಕಾರಿ ಕಚೇರಿಗಳ ದಿನಗೂಲಿಯವರ ಕಾಯಮಾತಿಯ ಹಾದಿಯನ್ನು ಇನ್ನಷ್ಟು ಕಿರಿದಾಗಿಸಿತು. ಕೋರ್ಟಿನಲ್ಲಿ ಸಿಗದ್ದನ್ನು ಪೌರಕಾರ್ಮಿಕರು ಸಂಘಟನೆಯಿಂದ ಪಡೆದರು. ಗುತ್ತಿಗೆದಾರರನ್ನು ಬಿಟ್ಟು ನೇರ ಪಾವತಿ ಬಂದದ್ದು ಅವರ ಹೋರಾಟದ ಫಲ.

2025ರ ನವೆಂಬರ್ 21ರಂದು ಜಾರಿಯಾದ ನಾಲ್ಕು ಕಾರ್ಮಿಕ ಸಂಹಿತೆಗಳು 29 ಹಳೆಯ ಕಾಯ್ದೆಗಳ ಜಾಗಕ್ಕೆ ಬಂದವು. ಗುತ್ತಿಗೆ ನಿಯಮಗಳ ಮಿತಿ 20ರಿಂದ 50 ಆಳುಗಳಿಗೆ ಏರಿತು. ಇಪ್ಪತ್ತು-ನಲವತ್ತು ಜನರನ್ನು ಕರೆದೊಯ್ಯುವ ತಾಲ್ಲೂಕು ಮಟ್ಟದ ಏಜೆನ್ಸಿಗೆ ಈಗ ಲೈಸೆನ್ಸಿನ ಹಂಗಿಲ್ಲ. ಇದು ದೊಡ್ಡ ನಷ್ಟ. ಆದರೆ ವೇತನ ಸಂಹಿತೆಯ 43ನೇ ಕಲಮು ಇಂಥ ಮಿತಿ ಹಾಕಿಲ್ಲ: ಏಜೆನ್ಸಿ ಸಂಬಳ ಕೊಡದಿದ್ದರೆ ದುಡಿಸಿಕೊಂಡ ಸಂಸ್ಥೆಯೇ ಹೊಣೆ. ಕನಿಷ್ಠ ಕೂಲಿಯ ಬಾಕಿ ಕೇಳಲು ಮೊದಲು ಆರು ತಿಂಗಳ ಗಡುವಿತ್ತು. ಈಗ ಮೂರು ವರ್ಷ.

ಕಾನೂನು ಎಷ್ಟೇ ಹೊರಳಿದರೂ ಒಂದು ತತ್ವ ಉಳಿದಿದೆ: ದುಡಿಮೆಯ ಲಾಭ ಉಂಡವರು ಕೂಲಿಯ ಹೊಣೆ ಕಳಚಿಕೊಳ್ಳುವಂತಿಲ್ಲ. ಆಳು ಪಡೆಯುವ ಸಂಸ್ಥೆಗಳು ಏಜೆನ್ಸಿಯ ಬಿಲ್ಲು ಚುಕ್ತಾ ಮಾಡುವ ಮೊದಲು ಸಂಬಳ, ಪಿಎಫ್, ಇಎಸ್‌ಐ ಕಟ್ಟಿದ ದಾಖಲೆ ನೋಡಲಿ. ದುಡಿಯುವವರು ನೇಮಕಾತಿ ಪತ್ರ, ಸಂಬಳದ ಚೀಟಿ, ಹಾಜರಿಯ ಫೋಟೊ ಜೋಪಾನ ಮಾಡಲಿ, ಬಾಕಿ ಬಿದ್ದರೆ ಕಾರ್ಮಿಕ ನಿರೀಕ್ಷಕರಿಗೆ ಕೊಡುವ ದೂರಿನಲ್ಲಿ ಏಜೆನ್ಸಿಯ ಜೊತೆಗೆ ಕಂಪನಿಯ ಹೆಸರನ್ನೂ ತಪ್ಪದೆ ಬರೆಯಲಿ.