ವಾಸಯೋಗ್ಯತೆಯ ಹೊಣೆ: ಬಾಡಿಗೆ ಮನೆಯ ಕಾನೂನಿನ ಒಂದು ಚಾರಿತ್ರಿಕ ಅವಲೋಕನ

ಕರ್ನಾಟಕದಲ್ಲಿ ಬಾಡಿಗೆ ಕಾನೂನಿನ ಚರ್ಚೆಯು ಬಹುಮಟ್ಟಿಗೆ ಬಾಡಿಗೆಯ ಮೊತ್ತ ಹಾಗೂ ತೆರವು ಎಂಬ ಎರಡು ಸಂಗತಿಗಳ ಸುತ್ತಲೇ ನಡೆದುಬಂದಿದೆ. ಸೋರುವ ಮಾಳಿಗೆ, ಬಿರುಕುಬಿಟ್ಟ ಗೋಡೆ, ಕಟ್ಟಿಕೊಂಡ ಚರಂಡಿಗಳ ಹೊಣೆ ಯಾರದೆಂಬ ಮೂರನೆಯ ಪ್ರಶ್ನೆಗೆ ದೊರೆತ ಗಮನ ಕಡಿಮೆ. ಈ ಉಪೇಕ್ಷೆಯ ಬೇರುಗಳನ್ನು ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಹುಡುಕಬೇಕಾಗುತ್ತದೆ.

1843ರಲ್ಲಿ ಸ್ಮಿತ್ ವಿರುದ್ಧ ಮ್ಯಾರಬಲ್ ಮೊಕದ್ದಮೆ ತೀರ್ಮಾನವಾಯಿತು. ಸರ್ ಥಾಮಸ್ ಮ್ಯಾರಬಲ್ ಬ್ರೈಟನ್ನಿನಲ್ಲಿ ಪೀಠೋಪಕರಣಸಹಿತವಾದ ಮನೆಯೊಂದನ್ನು ವಾರಕ್ಕೆ ಎಂಟು ಗಿನಿಯಂತೆ ಐದು ವಾರಗಳಿಗೆ ಹಿಡಿದಿದ್ದರು. ಮನೆಯ ತುಂಬ ತಿಗಣೆ. ಕುಟುಂಬವು ಅವಧಿಗೆ ಮೊದಲೇ ಮನೆ ಬಿಟ್ಟಿತು. ಮಾಲೀಕರು ಉಳಿದ ಬಾಡಿಗೆಗೆ ದಾವೆ ಹೂಡಿದರು. ಮನೆ ವಾಸಕ್ಕೆ ತಕ್ಕುದಾಗಿರಬೇಕೆಂಬ ಷರತ್ತು ಕರಾರಿನಲ್ಲಿ ಅಂತರ್ಗತವೆಂದು ನ್ಯಾಯಾಲಯ ಹೇಳಿತು. ಆದರೆ ಅಲ್ಪಕಾಲದಲ್ಲಿಯೇ ಹಾರ್ಟ್ ವಿರುದ್ಧ ವಿಂಡ್ಸರ್ ಮೊಕದ್ದಮೆಯಲ್ಲಿ, ಪೀಠೋಪಕರಣವಿಲ್ಲದ ಮನೆಗೆ ಅಂಥ ಷರತ್ತು ಇಲ್ಲವೆಂದಾಯಿತು. ಎರಡೂ ತೀರ್ಪುಗಳಲ್ಲಿ ನ್ಯಾಯಾಧೀಶ ಪಾರ್ಕ್ ಇದ್ದರೆಂಬುದು ಕುತೂಹಲಕರ. ಬಡವರು ಹಿಡಿಯುತ್ತಿದ್ದುದು ಸಾಮಾನ್ಯವಾಗಿ ಬರಿಯ ಮನೆಗಳನ್ನೇ. ಆದುದರಿಂದ ಮೊದಲ ತೀರ್ಪಿನ ಫಲ ಅವರಿಗೆ ದಕ್ಕಲಿಲ್ಲ.

1885ರ ಶ್ರಮಿಕವರ್ಗದ ವಸತಿ ಶಾಸನವು ಕಡಿಮೆ ಬಾಡಿಗೆಯ ಮನೆಗಳಿಗೆ ವಾಸಯೋಗ್ಯತೆಯ ಷರತ್ತನ್ನು ವಿಧಿಸಿತು. ಕಾಲಾಂತರದಲ್ಲಿ ಇದು ಬಾಡಿಗೆಯ ಮಿತಿಯಿಂದಲೇ ನಿರ್ಜೀವವಾಯಿತು. ವರ್ಷಕ್ಕೆ ಲಂಡನ್ನಿನಲ್ಲಿ 80 ಪೌಂಡ್, ಇತರೆಡೆ 52 ಪೌಂಡ್ ಎಂದು 1957ರಲ್ಲಿ ನಿಗದಿಯಾದ ಮಿತಿಯನ್ನು ಮುಂದೆ ಏರಿಸಲೇ ಇಲ್ಲ; ಬಾಡಿಗೆಗಳು ಮಾತ್ರ ಏರಿದವು. ಮಿತಿಯನ್ನು ತೊಡೆದುಹಾಕಿದ ಶಾಸನ 2018ರಲ್ಲಿ ಅಂಗೀಕಾರಗೊಂಡು 2019ರ ಮಾರ್ಚ್ 20ರಂದು ಜಾರಿಗೆ ಬಂದಿತು.

ಭಾರತದ 1882ರ ಸ್ವತ್ತು ವರ್ಗಾವಣೆ ಅಧಿನಿಯಮವು ಹಳೆಯ ಇಂಗ್ಲಿಷ್ ದೃಷ್ಟಿಯ ಮುದ್ರೆಯನ್ನು ಹೊತ್ತಿದೆ. ಅದರ 108ನೆಯ ಪ್ರಕರಣದಂತೆ, ಬಾಡಿಗೆದಾರನು ಸಾಮಾನ್ಯ ಎಚ್ಚರಿಕೆಯಿಂದ ಕಾಣಲಾರದ, ತನಗೆ ಮಾತ್ರ ತಿಳಿದಿರುವ ಮುಖ್ಯ ದೋಷವನ್ನು ಮಾಲೀಕನು ಹೊರಗೆಡಹಬೇಕು. ಮಾಲೀಕನು ತಾನು ಮಾಡಲು ಬದ್ಧನಾದ ದುರಸ್ತಿಯನ್ನು ಸೂಚನೆಯ ಬಳಿಕವೂ ಮಾಡದಿದ್ದರೆ, ಬಾಡಿಗೆದಾರನು ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ತೊಡಕಿರುವುದು ‘ಬದ್ಧನಾದ’ ಎಂಬಲ್ಲಿಯೇ: ಯಾವ ದುರಸ್ತಿಗೆ ಬದ್ಧನೆಂಬುದನ್ನು ಈ ಖಂಡ ಹೇಳುವುದಿಲ್ಲ. ಪ್ರಕರಣವಾದರೋ ‘ವಿರುದ್ಧವಾದ ಕರಾರು ಅಥವಾ ಸ್ಥಳೀಯ ರೂಢಿ ಇಲ್ಲದಿದ್ದಲ್ಲಿ’ ಎಂಬ ಅರ್ಥದ ಮಾತಿನಿಂದಲೇ ಆರಂಭವಾಗುತ್ತದೆ. ಕರಾರು ಬರೆಸುವವನು ಮಾಲೀಕನಾದಾಗ ಫಲಿತಾಂಶವನ್ನು ಊಹಿಸಬಹುದು.

1961ರ ಬಾಡಿಗೆ ನಿಯಂತ್ರಣ ಅಧಿನಿಯಮವು ತೆರವಿನ ವಿರುದ್ಧ ಗಟ್ಟಿಯಾದ ರಕ್ಷಣೆ ನೀಡಿತು. ಆದರೆ ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟುವ ನಿಜವಾದ ಅಗತ್ಯವನ್ನು ಅದು ತೆರವಿನ ಕಾರಣವಾಗಿ ಒಪ್ಪಿತ್ತು. ಬಾಡಿಗೆ ಏರದ ಹಳೆಯ ವಠಾರವನ್ನು ದುರಸ್ತಿಯಿಲ್ಲದೆ ಬಿಡುವುದು ಮಾಲೀಕನಿಗೆ ನಷ್ಟವಲ್ಲ, ಲಾಭವೇ ಆಗಬಹುದಾಗಿತ್ತೆಂಬುದು ಈ ಲೇಖಕನ ಅಭಿಪ್ರಾಯ. 2001ರ ಡಿಸೆಂಬರ್ 31ರಂದು ಜಾರಿಗೆ ಬಂದ 1999ರ ಅಧಿನಿಯಮವು ಬೆಂಗಳೂರಿನಂಥ ನಗರಗಳಲ್ಲಿ ಮಾಸಿಕ 3,500 ರೂ., ಇತರೆಡೆ 2,000 ರೂ. ಮೀರಿದ ಬಾಡಿಗೆಯ ಕಟ್ಟಡಗಳನ್ನು ಹೊರಗಿರಿಸಿತು. ಇಂಗ್ಲೆಂಡಿನ ಮಿತಿಯ ಕಥೆ ಇಲ್ಲಿ ನೆನಪಾಗದಿರದು.

ಕೇಂದ್ರ ಸಚಿವ ಸಂಪುಟವು 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಅಧಿನಿಯಮ ಈ ಹೊಣೆಯನ್ನು ಬಿಡಿಸಿ ಹೇಳಿದೆ. ಕಟ್ಟಡದ ರಚನೆಯ ದುರಸ್ತಿ, ನೀರಿನ ಕೊಳವೆ, ವಿದ್ಯುತ್ ತಂತಿ ಮಾಲೀಕನ ಪಾಲು; ನಲ್ಲಿಯ ವಾಷರ್, ಚರಂಡಿಯ ಶುಚಿ ಬಾಡಿಗೆದಾರನದು. ಮಾಲೀಕನು ನಿರಾಕರಿಸಿದರೆ ಬಾಡಿಗೆದಾರನು ಒಂದು ತಿಂಗಳ ಬಾಡಿಗೆಯಲ್ಲಿ ಶೇ. 50 ಮೀರದಂತೆ ವೆಚ್ಚವನ್ನು ಮುರಿದುಕೊಳ್ಳಬಹುದು. ಮನೆ ವಾಸಕ್ಕೆ ಅಯೋಗ್ಯವಾದರೆ 15 ದಿನಗಳ ಲಿಖಿತ ಸೂಚನೆ ನೀಡಿ ಬಿಡಬಹುದು. ಗೋಡೆಗೆ ಸುಣ್ಣ ಬಳಿಸುವುದನ್ನೂ ಅದು ಮಾಲೀಕನಿಗೇ ವಹಿಸಿದೆ. ರಾಜ್ಯದ ಶಾಸನಸಭೆ ಅಳವಡಿಸಿಕೊಂಡ ಹೊರತು ಮಾದರಿಗೆ ಕಾನೂನಿನ ಬಲವಿಲ್ಲ. ಬೆಂಗಳೂರಿನ ಹನ್ನೊಂದು ತಿಂಗಳ ಕರಾರುಗಳಲ್ಲಿ ಸುಣ್ಣಬಣ್ಣದ ಖರ್ಚನ್ನು ಬಾಡಿಗೆದಾರನ ಮುಂಗಡದಿಂದ ಮುರಿದುಕೊಳ್ಳುವ ರೂಢಿಯಿದೆ.